ಶೀ ಮನೆತನದ ಪುಸ್ತಕ

ಲುಗಾಂಗ್ ಊರಿನ ಶೀ ಮನೆತನದಲ್ಲಿ ಹೆಣ್ಣುಮಕ್ಕಳು ಹುಟ್ಟುತ್ತಲೇ ಇದ್ದರು, ಆದರೆ ವಂಶಾವಳಿಯ ಪುಸ್ತಕಕ್ಕೆ ಅವರ ಸುದ್ದಿ ಮುಟ್ಟುತ್ತಿರಲಿಲ್ಲ. ಸೊಸೆಯಂದಿರದು ತವರಿನ ಮನೆತನದ ಹೆಸರು ಮಾತ್ರ. ನಾನು ಆ ಮನೆಯ ಸೊಸೆ. ಪುಸ್ತಕದಲ್ಲಿ ನಾನು ಬರೀ ಹ್ವಾಂಗ್. ಸೂಚಿಂಗ್ ಎನ್ನುವ ನಾನು ಅಡುಗೆಮನೆಯಲ್ಲಷ್ಟೇ ಇದ್ದೆ.

ಇದನ್ನು ಸರಿಮಾಡಲು ಹೊರಟವಳು ನನ್ನ ಗಂಡನ ದೊಡ್ಡಪ್ಪನ ಮಗಳು ಲೀಶ್ಯಾ ಅಕ್ಕ. ನೋಂದಣಿ ಕಚೇರಿಯ ಗುಮಾಸ್ತೆಯಾಗಿ ನಿವೃತ್ತಳಾದವಳು, ಮದುವೆಯಾಗಿರಲಿಲ್ಲ. "ಮದ್ವೆಯಾದೋರ ಮನೆತನದ ಹೆಸ್ರಾದ್ರೂ ಗಂಡನ ಕಡೆ ಪುಸ್ತಕದಲ್ಲಿ ಇರತ್ತೆ. ನಾನು ಯಾರ ಪುಸ್ತಕಕ್ಕೆ ಹೋಗ್ಲಿ ಹೇಳು?" ಎಂದು ನಗುತ್ತಿದ್ದಳು.

ಒಂಬತ್ತು ವರ್ಷ ಅವಳು ಸಮಾಧಿಗಳ ಗುಡ್ಡ ಹತ್ತಿದಳು, ಮುದುಕಿಯರ ಜೊತೆ ಕೂತಳು, ಹೆಸರುಗಳನ್ನು ಚೀಟಿಯಲ್ಲಿ ಬರೆದು ತಂದು ಕಂಪ್ಯೂಟರಿಗೆ ಹಾಕಿದಳು. ಕಂಪ್ಯೂಟರ್ ಮೂರು: ಮನೆಯದು, ಲ್ಯಾಪ್‌ಟಾಪು, ಅವಳ ತಮ್ಮ ವನ್‌ಪಿನ್‌ನ ಊದುಬತ್ತಿ ಅಂಗಡಿಯದು. ಒಂದರಲ್ಲಿ ತಿದ್ದಿದರೆ ಮಿಕ್ಕೆರಡರಲ್ಲೂ ತಾನಾಗಿ ತಿದ್ದಿಕೊಳ್ಳುವಂತೆ ಅವಳೇ ಹೊಂದಿಸಿದ್ದಳು. "ಒಂದು ಕೆಟ್ರೂ ಇನ್ನೆರಡು ಇರ್ತಾವೆ" ಎಂಬ ಧೈರ್ಯ. ಬರೆದ ಕಾಗದವನ್ನು ನಾವು ಕಸಕ್ಕೆ ಹಾಕುವುದಿಲ್ಲ. ಹಾಗಾಗಿ ಚೀಟಿಗಳನ್ನೆಲ್ಲ ದೇವಸ್ಥಾನದಲ್ಲಿ ಕಾಗದ ಸುಡುವ ಒಲೆಯಲ್ಲಿ ಕೈಮುಗಿದು ಸುಟ್ಟುಬಂದಳು.

ಆಮೇಲೆ ಮಂಡಿಯ ಆಪರೇಷನ್ನು. ಗಾಯ ಕೀವಾಗಿ ಆರು ವಾರ ಆಸ್ಪತ್ರೆ. ವನ್‌ಪಿನ್ ದಿನಾ ಮೀನಿನ ಸಾರು ತರುತ್ತಿದ್ದ. ತಮ್ಮ ಅಂದರೆ ಹೀಗಿರಬೇಕು ಎಂದು ನಾನೇ ಹೊಟ್ಟೆಕಿಚ್ಚು ಪಟ್ಟಿದ್ದೆ. ಮೊದಲ ವಾರ ಒಂದು ದಿನ ಸಾರು ಬಗ್ಗಿಸುತ್ತಾ ಕೇಳಿದ:

"ಅಕ್ಕಾ, ಕೈತಪ್ಪಿ ಏನಾದ್ರೂ ಅಳಿಸಿದ್ರೆ ಹಳೇದು ಎಷ್ಟು ದಿನ ಸಿಗತ್ತೆ?"

"ಮೂವತ್ತು ದಿನ. ಯಾಕೋ, ಅಳಿಸಿಬಿಟ್ಯಾ?"

"ಅಯ್ಯೋ, ಸುಮ್ನೆ ಕೇಳ್ದೆ. ಕುಡಿ, ಆರಿಹೋಗತ್ತೆ."

ಮನೆಗೆ ಬಂದ ದಿನವೇ ಅವಳು ಕಂಪ್ಯೂಟರ್ ಹಚ್ಚಿದಳು. ನಾನು ಪಕ್ಕದಲ್ಲೇ ಇದ್ದೆ. ನಾನೂರ ಹನ್ನೆರಡು ಹೆಂಗಸರ ಹೆಸರು ಇರಲಿಲ್ಲ. ಲ್ಯಾಪ್‌ಟಾಪ್ ತೆಗೆದಳು, ಅದರಲ್ಲೂ ಇಲ್ಲ. ಯಾರು ಸರಿ ಎಂದು ಆ ಯಂತ್ರ ಕೇಳುವುದಿಲ್ಲ, ಕೊನೆಗೆ ಮುಟ್ಟಿದವನ ಮಾತನ್ನು ಮೂರೂ ಕಡೆ ನಡೆಸುತ್ತದೆ. ಅಳಿಸಿ ಮೂವತ್ತನಾಲ್ಕು ದಿನವಾಗಿತ್ತು.

ವನ್‌ಪಿನ್ ಬಂದ. ಅವತ್ತೂ ಕೈಯಲ್ಲಿ ಸಾರಿನ ಡಬ್ಬಿ.

"ಹಿರಿಯರು ಒಪ್ಪಲಿಲ್ಲ ಅಕ್ಕಾ."

"ಒಪ್ಪಲಿಲ್ಲ ಅಂತ ನಂಗೆ ಹೇಳ್ಬೋದಿತ್ತಲ್ಲೋ."

"ಹೇಳಿದ್ರೆ ನೀನು ಬೇರೆ ಕಡೆ ಕಾಪಿ ಇಟ್ಕೊಳ್ತಿದ್ದೆ."

"ಅಮ್ಮನ ಹೆಸ್ರೂ ಅಳಿಸಿದ್ಯಲ್ಲೋ, ಪಾಪಿ."

ಅವನು ಡಬ್ಬಿ ಮೇಜಿನ ಮೇಲಿಟ್ಟು ಹೋದ. ನಾನು ಅದನ್ನು ಬಚ್ಚಲಿಗೆ ಸುರಿದೆ. ನನ್ನ ಸಿಟ್ಟು ಅಷ್ಟಕ್ಕೇ ಮುಗಿಯುವಂಥದ್ದೆಂದು ಆಗ ನನಗೆ ಗೊತ್ತಿರಲಿಲ್ಲ.

ಸಮಾಧಿ ಗುಡಿಸುವ ಹಬ್ಬದ ದಿನ, ಗುಡ್ಡದ ಮೇಲೆ, ಹೊಸದಾಗಿ ಅಚ್ಚಾದ ವಂಶಾವಳಿಯ ಪುಸ್ತಕ ಹಂಚಿದರು. ಪುಸ್ತಕ ನೋಡಿಯೇ ಹೆಸರು ಕೂಗುವುದು, ಮನೆಗೊಂದು ಪ್ರತಿ. ಲೀಶ್ಯಾ ಅಕ್ಕ ಕೋಲೂರಿ ಕೊನೆಯವರೆಗೂ ನಿಂತಳು. ಅವಳನ್ನು ಯಾರು ಕೂಗಬೇಕು? ಪುಸ್ತಕ ಮಾಡಿದವನು ಎಂದು ವನ್‌ಪಿನ್‌ಗೆ ಶಾಲು ಹೊದಿಸಿದರು.

ನನ್ನ ಗಂಡನ ಹೆಸರು ಬಂತು. ಅವರ ಕೈತುಂಬ ಊದುಬತ್ತಿ, ನೀನೇ ಹೋಗಿ ತಗೋ ಎಂದು ಕಣ್ಣಲ್ಲೇ ನನಗೆ ಹೇಳಿದರು. ಬೇಡ ಅನ್ನಬೇಕೆಂದು ಹಿಂದಿನ ದಿನವೆಲ್ಲ ಅಂದುಕೊಂಡಿದ್ದೆ. ಎಲ್ಲರೂ ನೋಡುತ್ತಿದ್ದರು. ಹೋಗಿ, ತಲೆಬಾಗಿ, ಎರಡೂ ಕೈಯಲ್ಲಿ ತೆಗೆದುಕೊಂಡೆ.

ತಿರುಗಿದಾಗ ಲೀಶ್ಯಾ ಅಕ್ಕ ನನ್ನ ಮುಖ ನೋಡಲಿಲ್ಲ, ಕೈ ನೋಡುತ್ತಿದ್ದಳು.