ಹೇರುಚೀಲದ ಇನ್ನೊಂದು ಬದಿ

ಅಂದು ಬೆಳಿಗ್ಗೆ ನಿಜವಾಗಿ ಏನಾಯಿತೆಂದು ನನಗೆ ಗೊತ್ತಿಲ್ಲ. ಗೊತ್ತಿದೆ ಎಂದುಕೊಂಡೇ ಬಹಳ ವರ್ಷ ಕಳೆದೆ. ಈಚೆಗೆ ಕೌಜಲಗಿಯ ವಸ್ತುಸಂಗ್ರಹಾಲಯದಲ್ಲಿ ಹಳೆಯ ಉಣ್ಣೆಯ ವಾಸನೆ ಮೂಗಿಗೆ ಬಡಿದಾಗ ಆ ಧೈರ್ಯವೂ ಹೋಯಿತು.

ವಸ್ತುಸಂಗ್ರಹಾಲಯವೆಂದರೆ ನೀವು ದೊಡ್ಡದೇನನ್ನೋ ಊಹಿಸಬೇಡಿ. ಉಣ್ಣೆ ಗೋದಾಮಿಗೆ ಸುಣ್ಣ ಬಳಿದು, ನಮ್ಮ ಕುರುಬರ ಮನೆಗಳಲ್ಲಿ ಅಟ್ಟ ಸೇರಿದ್ದ ಕಂಬಳಿ, ಕತ್ತರಿ, ಡೊಳ್ಳುಗಳನ್ನು ಸಾಲಾಗಿ ತೂಗುಹಾಕಿದ್ದಾರೆ. ಇತಿಹಾಸದಲ್ಲಿ ಎಂ.ಎ. ಮಾಡಿದವನೆಂದು ವಿವರದ ಚೀಟಿ ಬರೆಯುವ ಕೆಲಸ ನನಗೆ ಬಂತು. ಸಾಕ್ಷ್ಯವಿಲ್ಲದೆ ಒಂದಕ್ಷರವನ್ನೂ ಬರೆಯಲಾರೆ ಎಂದು ಗತ್ತಿನಿಂದ ಹೇಳಿಯೂ ಬಿಟ್ಟಿದ್ದೆ.

ಅವ್ವ ಕೊಟ್ಟದ್ದು ಕುದುರೆಯ ಎರಡೂ ಬದಿಗೆ ಇಳಿಬಿಡುವ ಹೇರುಚೀಲ. ಕುರಿಗಳ ಹಿಂದೆ ಊರೂರು ಅಲೆಯುವಾಗ ನಡೆಯಲಾರದ ಮರಿಗಳನ್ನೂ ಕೂಸುಗಳನ್ನೂ ಅದರಲ್ಲೇ ಕೂರಿಸುತ್ತಿದ್ದರು. ‘ಮರಿಗಳನ್ನು ಸಾಗಿಸುವ ಚೀಲ’ ಎಂದು ಬರೆದು ಅವ್ವನಿಗೆ ಓದಿ ಹೇಳಿದೆ.

“ಲಗಮಿ ಹೆಸರು ಎಲ್ಲಿ ಐತಿ?” ಎಂದಳು.

ಲಗಮಿ ನನ್ನ ತಂಗಿ. ಆ ಚೀಲದ ಒಂದು ಬದಿಗೆ ಮರಿಗಳು, ಇನ್ನೊಂದು ಬದಿಗೆ ಅವಳು ಕೂರುತ್ತಿದ್ದಳಂತೆ. ಹುಕ್ಕೇರಿ ಕಡೆ ರೈತರೊಬ್ಬರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದಾಗ ಜ್ವರ ಬಂದು ಸತ್ತಳಂತೆ. ನಾನಾಗ ಚಿಕ್ಕವ; ಅಂದು ಬೆಳಿಗ್ಗೆ ಅಪ್ಪ ಬದುವಿನಲ್ಲಿ ಗುಂಡಿ ತೋಡಿದ್ದು ನನಗೆ ನೆನಪಿದೆ. ಸುತ್ತಿದ ಬಟ್ಟೆಯಿಂದ ಹೊರಗೆ ಜೋತುಬಿದ್ದದ್ದು ಅವಳ ಕೈಯೋ, ಮರಿಯ ಕಿವಿಯೋ? ಆ ಮಳೆಯಲ್ಲಿ ಮರಿಗಳೂ ಸಾಯುತ್ತಿದ್ದವು. ಅಪ್ಪ ಈಗಿಲ್ಲ. ಲಗಮಿಯ ಫೋಟೊ ಇಲ್ಲ. ಅವಳು ಇದ್ದಳೆನ್ನಲು ಅವ್ವನನ್ನು ಬಿಟ್ಟರೆ ನಮ್ಮಲ್ಲಿ ನಾನೊಬ್ಬನೇ ಸಾಕ್ಷಿ.

“ಅವ್ವಾ, ನಾ ನೋಡಿದ್ದು ಮರಿನೂ ಇರಬಹುದು.”

“ಹಂಗಾರ ನಾ ಹಡದದ್ದೂ ಮರಿನೇನೋ, ಶಾಣ್ಯಾ?”

ಸಂಗ್ರಹಾಲಯ ನೋಡಿಕೊಳ್ಳುವ ಸಿದ್ದಪ್ಪ ಕಾಕಾ ಬಾಜೂ ನಿಂತಿದ್ದರು. “ಹೋಗ್ಲಿ ಬಿಡಬೇ ಯಕ್ಕಾ, ಸಾಲಿ ಹುಡುಗ್ರು ಬರೂ ಜಾಗಾ. ಸಾವಿನ ಮಾತ್ಯಾಕ?”

“ಸತ್ತಾಗ ಅಳಾಕ ಬಿಡ್ಲಿಲ್ಲ, ಕುರಿ ಹೊಡಿ ನಡಿ ಅಂದ್ರು. ಈಗ ಬರ್ಯಾಕೂ ಒಲ್ಲೆ ಅಂತೀರಿ” ಎಂದವಳೇ ಅವ್ವ ಹೊರಗೆ ನಡೆದಳು. ಅಂದಿನಿಂದ ನನ್ನೊಡನೆ ಮಾತು ಬಿಟ್ಟಳು.

ನಾನು ಹುಕ್ಕೇರಿಯತ್ತ ಹೋದೆ. ಆ ರೈತರ ಹೆಸರನ್ನು ಅಪ್ಪ ಆಗಾಗ ಹೇಳುತ್ತಿದ್ದುದರಿಂದ ಮನೆ ಸಿಕ್ಕಿತು. ಬದು ಸಿಗಲಿಲ್ಲ, ಅದನ್ನು ಒಡೆದು ಆ ತುದಿಯಿಂದ ಈ ತುದಿಗೆ ಕಬ್ಬು ಹಾಕಿದ್ದಾರೆ. ಅಲ್ಲಿ ಹೂತದ್ದು ಮರಿಯೋ ಎಂದು ನಾನು ಕೇಳುವಷ್ಟರಲ್ಲಿ ಮನೆಯ ಮುದುಕಿ ತಡೆದರು.

“ಮರಿ ಅಲ್ಲಪಾ, ಕೂಸು. ನಿಮ್ಮವ್ವಗ ಜ್ವರ ಬಂದು ಎದಿ ಬತ್ತಿತ್ತು. ನನಗೂ ಆಗ ಕೈಗೂಸಿತ್ತಲ್ಲ, ನಾನೇ ಕುಡಿಸಿದೆ. ಎಂಥಾ ಕಚ್ಚಿದ್ಲಂತಿ! ಕೆಳಗ ಎರಡು ಹಲ್ಲ ಮೂಡಿದ್ವು.”

ಮುದುಕರ ನೆನಪೂ ನನ್ನ ನೆನಪಿನಷ್ಟೇ ಕೈಕೊಡಬಹುದಲ್ಲ! ಮನೆಗೆ ಬಂದು, ಮುದುಕಿಯ ಸುದ್ದಿಯೆತ್ತದೆ, ಲಗಮಿಗೆ ಹಲ್ಲು ಬಂದಿದ್ದವೇ ಎಂದಷ್ಟೇ ಕೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಹಿಟ್ಟಿನ ಕೈಯಿಂದ ಕೆಳದುಟಿ ಎಳೆದು, ನಡುವಿನ ಎರಡು ಹಲ್ಲುಗಳ ಮೇಲೆ ಬೆರಳಿಟ್ಟು ತೋರಿಸಿದಳು.

ಈಗ ಚೀಟಿಯಲ್ಲಿ ಲಗಮಿಯ ಹೆಸರಿದೆ. ಹೂತ ಜಾಗ, ಆ ಮಳೆ, ಜೋತುಬಿದ್ದ ಕೈ, ಯಾವುದನ್ನೂ ನಾನು ಆಣೆ ಮಾಡಿ ಹೇಳಲಾರೆ. ಇಬ್ಬರನ್ನು ಬೇರೆಬೇರೆಯಾಗಿ ಕೇಳಿ ಖಚಿತಪಡಿಸಿಕೊಂಡದ್ದು ಒಂದೇ: ನನ್ನ ತಂಗಿಗೆ ಕೆಳಗೆ ಎರಡು ಹಲ್ಲು ಮೂಡಿದ್ದವು.