ರಾಣಿ ಮಾತು ಮರೆತದ್ದು ಯಾಕೆ?

ಕಳೆದ ವಾರ ಕೊಪ್ಪದ ಸೂಪರ್‌ಮಾರ್ಕೆಟ್ಟೊಂದರಲ್ಲಿ ನನ್ನ ಸೀತತ್ತೆ ಸೇಲ್ಸ್ ಹುಡುಗಿಯನ್ನು ಕೇಳಿದಳು: "ಗಂಡಸರ ಕಡೆ ಯಾವ್ದು?" ಹುಡುಗಿ ಶೇವಿಂಗ್ ಕ್ರೀಮಿನ ಕಪಾಟು ತೋರಿಸಿದಳು.

ತಪ್ಪು ಹುಡುಗಿಯದಲ್ಲ. ಆ ಜಾಗದಲ್ಲಿ ಹಿಂದೆ ನಾಟಕದ ಥಿಯೇಟರ್ ಇತ್ತು ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ಅತ್ತೆಯ ಅಜ್ಜನ ಕಾಲದಲ್ಲಿ ಕಟ್ಟಿದ್ದು. ತಗಡಿನ ಮಾಡು, ಮಧ್ಯೆ ಪರದೆ. ಆಚೆ ಗಂಡಸರು, ಈಚೆ ಹೆಂಗಸರು. ಈಗ ಒಂದು ತಗಡೂ ಉಳಿದಿಲ್ಲ. ಸ್ಮರಣ ಸಂಚಿಕೆಯೊಂದಕ್ಕೆ ಅದರ ಇತಿಹಾಸ ಬರೆದುಕೊಡಲು ಒಪ್ಪಿದ್ದೆ. (ಒಪ್ಪುವುದು ನನ್ನ ಚಟ.) ಸುದ್ದಿ ತಿಳಿದದ್ದೇ ತಡ, ಅತ್ತೆ ಎನ್.ಆರ್. ಪುರದಿಂದ ಫೋನ್ ಮಾಡಿದಳು. "ನಾನೂ ಬರ್ತೀನಿ. ಒಂದು ವಿಷ್ಯ ಇತ್ಯರ್ಥ ಆಗ್ಬೇಕು."

ವಿಷಯ ಇಷ್ಟು. ಮದುವೆಗೆ ಮುಂಚೆ ಮಾವ ಅಲ್ಲಿ ರಾಣಿಯ ಪಾರ್ಟು ಮಾಡುತ್ತಿದ್ದ. ಮನೆಯವರು ಅತ್ತೆಗೆ ಗಂಡು ತೋರಿಸಿದ್ದೂ ಅಲ್ಲೇ. (ಸೀರೆ ಉಟ್ಟ ಗಂಡನ್ನು ನೋಡಿ ಒಪ್ಪಿದವಳು ಇಡೀ ತಾಲೂಕಿಗೆ ಇವಳೊಬ್ಬಳೇ ಇರಬೇಕು.) ಅವತ್ತು ರಾಣಿ ಮಾತು ಮರೆತು ಸುಮ್ಮನೆ ನಿಂತುಬಿಟ್ಟಳು. "ನಿನ್ನ ಮುಖ ಕಂಡು ಮರೆತ್ಹೋಯ್ತು" ಅಂತ ಮಾವ. "ಬಾಯಿಪಾಠ ಮಾಡಿರ್ಲಿಲ್ಲ, ಅಷ್ಟೇ" ಅಂತ ಅತ್ತೆ. ಸಂಸಾರದುದ್ದಕ್ಕೂ ಇದೇ ಜಗಳ. ಹೋದ ವರ್ಷ ಮಾವ ತೀರಿಕೊಂಡ. ಕೇಸು ಪೆಂಡಿಂಗ್.

ಅತ್ತೆ ಬಿಸ್ಕತ್ತಿನ ಸಾಲಿನಲ್ಲಿ ನಿಂತಳು. "ನಾನು ಕೂತಿದ್ದು ಇಲ್ಲೇ." ಸ್ಟೇಜು ಇದ್ದದ್ದು ಬಿಲ್ಲಿಂಗ್ ಕೌಂಟರ್ ಇರುವಲ್ಲಿ. ನನ್ನನ್ನು ಅಲ್ಲಿ ನಿಲ್ಲಿಸಿ ಕೇಳಿದಳು, "ಕಾಣ್ತೀನೇನೋ?" ಕಂಡಳು. ಟ್ಯೂಬ್‌ಲೈಟಿನಲ್ಲಿ ಯಾರು ಕಾಣುವುದಿಲ್ಲ?

ಅಷ್ಟರಲ್ಲಿ ಪಕ್ಕದ ಬಟ್ಟೆ ಅಂಗಡಿಯ ಇಬ್ರಾಹಿಂ ಸಾಹೇಬರು ಬಂದರು. ಥಿಯೇಟರಿಗೆ ಗ್ಯಾಸ್‌ಲೈಟ್ ಕೊಡುತ್ತಿದ್ದದ್ದು ಅವರ ಮನೆಯವರೇ. ವಿಷಯ ಕೇಳಿ ನಕ್ಕರು. "ಎಂತ ಕಾಣೂದು ಅಮ್ಮ? ಸ್ಟೇಜ್ ಮೇಲೆ ನಿಂತ್ರೆ ಕಣ್ಣಿಗೇ ಲೈಟು ಹೊಡೀತಿತ್ತು. ಎದ್ರುಗಡೆ ಪೂರಾ ಕತ್ಲೆ. ನಾನೇ ಹತ್ತಿ ನೋಡಿದ್ದೆ."

ಅತ್ತೆ ಗೆದ್ದಳು. ನಾನು ಕಂಗ್ರಾಚುಲೇಷನ್ಸ್ ಅಂದೆ. ಅವಳು ಒಂದು ಬಿಸ್ಕತ್ ಪ್ಯಾಕೆಟ್ ಎತ್ತಿ, ಮತ್ತೆ ಅಲ್ಲೇ ಇಟ್ಟು, ಹೋಗಿ ಕಾರು ಹತ್ತಿದಳು. ಯಾರಿಗೆ ಬೇಕಿತ್ತು ಈ ಗೆಲುವು?

ಎನ್.ಆರ್. ಪುರ ಹತ್ತಿರ ಬಂದಾಗ ಅತ್ತೆ ಅಂದಳು, "ಆ ಸಾಹೇಬ್ರಿಗೆ ವಯಸ್ಸಾಯ್ತು ಮಾರಾಯ. ಎಲ್ಲ ಮರೆತಿದಾರೆ, ಪಾಪ."

(ಸಾಹೇಬರು ಅತ್ತೆಗಿಂತ ಚಿಕ್ಕವರು.)

ಇತಿಹಾಸ ಬರೆದು ಕಳಿಸಿದ್ದೇನೆ. ಸ್ಟೇಜಿನಿಂದ ಹೆಂಗಸರ ಕಡೆ ಚೆನ್ನಾಗಿ ಕಾಣುತ್ತಿತ್ತು ಅಂತಲೇ ಬರೆದಿದ್ದೇನೆ. ನೀವಾಗಿದ್ದರೆ ಏನು ಬರೆಯುತ್ತಿದ್ದಿರಿ?