ಕುಮ್ಕಿಯಲ್ಲಿ ಏನೂ ಇಲ್ಲ

ನಮ್ಮ ನೆಂಟರ ನಡುವೆ ಓಡಾಡುವ ಕಥೆ ಇಷ್ಟು: ಕಂಪ್ಯೂಟರ್ ಕಲಿಯಲು ಮೂಡಬಿದಿರೆಗೆ ಹೋದ ಮಗಳು ಮನೆಯ ಕಂಪ್ಯೂಟರನ್ನು ಎರಡು ಪಾಲು ಮಾಡಹೊರಟು, ಅಪ್ಪ ವರ್ಷಗಟ್ಟಲೆ ಕೂಡಿಟ್ಟ ಬರವಣಿಗೆಯನ್ನೆಲ್ಲ ಅಳಿಸಿ ಹಾಕಿದಳು. ಮದುವೆಯ ಊಟದಲ್ಲಿ ಪಾಯಸ ಬರುವ ಮೊದಲು ಇದನ್ನು ನನ್ನೆದುರೇ ಹೇಳುತ್ತಾರೆ, ನಾನು ಅಲ್ಲಿಲ್ಲವೋ ಎಂಬಂತೆ.

ಈ ಕಥೆಯನ್ನು ನಾನು ಒಪ್ಪುವುದಿಲ್ಲ. ಪಾಲು ಆಗಬೇಕೆಂದು ಹಟ ಹಿಡಿದದ್ದು ಅಪ್ಪ. ನಾನು ವಾದಿಸಿದ್ದು ಪಾಲಿನ ವಿರುದ್ಧ. ಅಳಿಸಿದ್ದು ನಾನು, ನಿಜ. ಆದರೆ ಕೇಳಿ ಅಳಿಸಿದೆ. ಕೇಳಿದ ಪ್ರಶ್ನೆಗೆ ಸ್ಪಷ್ಟವಾದ ಉತ್ತರವೂ ಸಿಕ್ಕಿತ್ತು. ಆ ಉತ್ತರದ ಬಗ್ಗೆ ನೆಂಟರು ಬಾಯಿ ಬಿಡುವುದಿಲ್ಲ.

ಅಪ್ಪ ಬಂಟ್ವಾಳದಲ್ಲಿ ದಸ್ತಾವೇಜು ಬರೆಯುವವರು. ಕ್ರಯಪತ್ರ, ದಾನಪತ್ರ, ಪಾಲುಪಟ್ಟಿ, ವೀಲುನಾಮೆ. ಹಗಲು ಪೇಟೆಯ ಒಂದು ಕಟ್ಟಡದ ಜಗಲಿಯಲ್ಲಿ ಮೇಜು ಹಾಕಿ ಕುಳಿತು ಜನರ ಜಗಳ ಕೇಳಿಸಿಕೊಳ್ಳುತ್ತಿದ್ದರು. ಸಂಜೆ ಮನೆಗೆ ಬಂದು ಅದನ್ನು ಕಂಪ್ಯೂಟರಿನಲ್ಲಿ ಜಗಳವಿಲ್ಲದ ಕನ್ನಡಕ್ಕೆ ಇಳಿಸುತ್ತಿದ್ದರು. ಅವರ ಇಡೀ ವಿದ್ಯೆ ‘ಮಾದರಿ’ ಎಂಬ ಒಂದು ಫೋಲ್ಡರಿನಲ್ಲಿತ್ತು. ಬಾವಿ ತಮ್ಮನ ಪಾಲಿಗೆ ಬಂದು ನೀರು ಇಬ್ಬರಿಗೂ ಬೇಕಾದರೆ ಹೇಗೆ ಬರೆಯಬೇಕು, ಅತ್ತಿಗೆ ಹೋದ ದಾರಿಯಲ್ಲಿ ನಾದಿನಿ ಹೋಗದಂತೆ ಹೇಗೆ ಬರೆಯಬೇಕು, ಎಲ್ಲ ಅದರಲ್ಲಿ. ಒಬ್ಬ ಬಡಗಿಗೆ ಉಳಿಪೆಟ್ಟಿಗೆ ಹೇಗೋ ಅಪ್ಪನಿಗೆ ಆ ಫೋಲ್ಡರ್ ಹಾಗೆ.

ಎರಡು ಸಾವಿರದ ಐದರ ಸುಮಾರಿಗೆ ನಾನು ಸಿದ್ದಕಟ್ಟೆ ದಾರಿಯ ಬಸ್ಸಿನಲ್ಲಿ ನೇತಾಡಿಕೊಂಡು ಮೂಡಬಿದಿರೆಯ ಕಾಲೇಜಿಗೆ ಹೋಗುತ್ತಿದ್ದೆ. ಕಂಪ್ಯೂಟರ್ ನಡೆಸಲು ವಿಂಡೋಸಿನ ಬದಲು ಬಳಸುವ ಲಿನಕ್ಸಿನ ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂದಿತ್ತು. ಕಾಲೇಜಿನ ಲ್ಯಾಬಿನಲ್ಲಿ ಒಂದು ಕೀಬೋರ್ಡಿಗೆ ಮೂರು ಜನ. ನನ್ನ ಪಾಲಿಗೆ ಸಿಗುತ್ತಿದ್ದದ್ದು ಸ್ಪೇಸ್ ಬಾರ್. ಹಾಗಾಗಿ ಮನೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಲೇಬೇಕಿತ್ತು. ಅಪ್ಪನ ಕನ್ನಡ ಟೈಪಿಂಗ್ ನಡೆಯುತ್ತಿದ್ದದ್ದು ವಿಂಡೋಸಿನಲ್ಲಿ ಮಾತ್ರ. ಅದನ್ನು ತೆಗೆಯುವಂತಿಲ್ಲ.

ದಾರಿ ಎರಡು ಇತ್ತು. ಹಾರ್ಡ್ ಡಿಸ್ಕನ್ನು ಪಾಲು ಮಾಡಿ ಎರಡೂ ವ್ಯವಸ್ಥೆಗಳನ್ನು ಅಕ್ಕಪಕ್ಕ ಇರಿಸುವುದು ಒಂದು: ಕಂಪ್ಯೂಟರ್ ಆನ್ ಮಾಡುವಾಗಲೇ ಇದೋ ಅದೋ ಎಂದು ಆರಿಸಬೇಕು, ಎರಡೂ ಒಟ್ಟಿಗೆ ಇಲ್ಲ. ಇನ್ನೊಂದು ವರ್ಚುವಲ್ ಮೆಷಿನ್: ವಿಂಡೋಸಿನ ಒಳಗೇ ಸುಳ್ಳು ಕಂಪ್ಯೂಟರೊಂದನ್ನು ಸೃಷ್ಟಿಸಿ ಅದರಲ್ಲಿ ಲಿನಕ್ಸನ್ನು ಕೂರಿಸುವುದು. ಪಾಪ, ಲಿನಕ್ಸಿಗೆ ಇಡೀ ಮನೆ ತನ್ನದೆಂದೇ ಭ್ರಮೆ. ಅದು ಒಳಗೆ ಏನು ಒಡೆದು ಹಾಕಿದರೂ ಹೊರಗಿನವರ ಒಂದು ಲೋಟವೂ ಅಲುಗುವುದಿಲ್ಲ. ನಾನು ಎರಡನೆಯದರ ಪಕ್ಷ ವಹಿಸಿದೆ.

ಅಪ್ಪ ಕೇಳಿದ ಮೊದಲ ಪ್ರಶ್ನೆ, ಈ ಒಳಗೆ ಕೂರುವವನು ಯಾವ ಹಕ್ಕಿನಲ್ಲಿ ಕೂರುತ್ತಾನೆ ಎಂಬುದು. ಹಕ್ಕೇನೂ ಇಲ್ಲ, ಬೇಕಾದಾಗ ಎಬ್ಬಿಸಿ ಕಳಿಸಬಹುದು ಎಂದೆ.

“ಹಾಗಾದರೆ ಒಕ್ಕಲು,” ಎಂದರು.

ನಾನು ಬಿಡದೆ ಒಂದು ಸಂಜೆ ಅವರೆದುರೇ ಪ್ರಯೋಗಕ್ಕೆ ಇಳಿದೆ. ನಮ್ಮ ಕಂಪ್ಯೂಟರಿನಲ್ಲಿದ್ದದ್ದು ಇನ್ನೂರ ಐವತ್ತಾರು ಎಂಬಿ ಮೆಮೊರಿ. ಅರ್ಧವನ್ನು ಒಕ್ಕಲಿಗೆ ಕೊಟ್ಟೆ. ಹಿಂದೆ ಲಿನಕ್ಸ್ ಇನ್‌ಸ್ಟಾಲ್ ಆಗುತ್ತಿತ್ತು, ಮುಂದೆ ಅಪ್ಪ ಕ್ರಯಪತ್ರ ಟೈಪ್ ಮಾಡುತ್ತಿದ್ದರು. ‘ಕ್ರ’ ಬಂತು. ಅಮ್ಮ ಚಹಾ ತಂದಿಟ್ಟರು. ಅಪ್ಪ ಚಹಾ ಕುಡಿದು ಲೋಟ ಕೆಳಗಿಟ್ಟರು. ‘ಯ’ ಬಂತು.

“ನೋಡು ಮಗಾ, ಒಕ್ಕಲು ಬಂದು ಒಂದು ಗಂಟೆ ಆಗಲಿಲ್ಲ, ಧಣಿಯ ಬಾವಿ ಬತ್ತಿತು. ಇವತ್ತು ಒಂದು ಮೂಲೆ ಸಾಕು ಅಂತಾನೆ, ನಾಳೆ ಡಿಕ್ಲರೇಶನ್ ಕೊಡ್ತಾನೆ. ಬೇಡ. ಪಾಲು ಮಾಡುವ.”

ಭೂಸುಧಾರಣೆಯ ಕಾಲದಲ್ಲಿ ಗೇಣಿದಾರರು ತಾವು ಉಳುತ್ತಿದ್ದ ಜಮೀನು ತಮ್ಮದೆಂದು ಹಾಕಿದ ಅರ್ಜಿಗೆ ನಮ್ಮ ಕಡೆ ಡಿಕ್ಲರೇಶನ್ ಎಂದೇ ಹೆಸರು. ಅಜ್ಜನ ಎರಡು ಗದ್ದೆ ಹಾಗೆ ಹೋಗಿದ್ದವು. ಉತ್ತವರಿಗೆ ಹೋದದ್ದು ನ್ಯಾಯವೇ ಎಂದು ಬೆಳ್ತಂಗಡಿಯ ಚರ್ಚಾಸ್ಪರ್ಧೆಯಲ್ಲಿ ವಾದಿಸಿ ನಾನು ಮೊದಲ ಬಹುಮಾನ ತಂದಿದ್ದೆ; ಆ ಸ್ಟೀಲ್ ತಟ್ಟೆಯಲ್ಲೇ ಅಪ್ಪ ದಿನಾ ಗಂಜಿ ಉಣ್ಣುತ್ತಿದ್ದರು. ಆದರೆ ಕಂಪ್ಯೂಟರಿನೊಳಗೆ ಇನ್ನೊಬ್ಬ ಒಕ್ಕಲನ್ನು ಸೇರಿಸಲು ಅವರು ಸಿದ್ಧರಿರಲಿಲ್ಲ. ಸಾಫ್ಟ್‌ವೇರ್ ಅರ್ಜಿ ಹಾಕುವುದಿಲ್ಲ ಎಂದು ನಾನು ಹೇಳಿದೆ. ತಮ್ಮ ಒಕ್ಕಲಿನ ಬಗ್ಗೆ ಅಜ್ಜನೂ ಹಾಗೆಯೇ ಹೇಳಿದ್ದರು ಎಂದರು ಅಪ್ಪ. ಪ್ರತಿವಾದಕ್ಕೆ ಸಮಯ ಕೊಡಲಿಲ್ಲ.

ಕಂಪ್ಯೂಟರಿನ ಈ ಪಾಲನ್ನು ಅಪ್ಪ ಛಾಪಾ ಕಾಗದದಲ್ಲಿ ಬರೆದು ನೋಂದಣಿ ಮಾಡಿಸಿದರೆಂದು ನೆಂಟರು ಸೇರಿಸುವುದು ಶುದ್ಧ ಸುಳ್ಳು. ಗೆರೆ ಹಾಕಿದ ಮಾಮೂಲು ಹಾಳೆ. ಆದರೆ ಭಾಷೆ ಮಾತ್ರ ಅಪ್ಪಟ ಪಾಲುಪಟ್ಟಿಯದು. ಎ ಷೆಡ್ಯೂಲು ಅಪ್ಪನ ವಿಂಡೋಸ್. ಬಿ ಷೆಡ್ಯೂಲು ನನ್ನ ಲಿನಕ್ಸ್. ಆನ್ ಮಾಡಿದಾಗ ಬರುವ ಆಯ್ಕೆಯ ಪರದೆ ಇಬ್ಬರಿಗೂ ಸೇರಿದ ಮಾಮೂಲು ದಾರಿ. ಉಳಿದ ಒಂದು ತುಂಡು ಏನೆಂದು ಅಪ್ಪ ಕೇಳಿದರು. ಎರಡೂ ಕಡೆಯಿಂದ ಓದಿ ಬರೆಯಲು ಆಗುವ ಜಾಗ, ಯಾರದ್ದೂ ಅಲ್ಲ, ಇಬ್ಬರೂ ಬಳಸಬಹುದು ಎಂದೆ. ಅಪ್ಪನ ಮುಖ ಅರಳಿತು.

“ಕುಮ್ಕಿ,” ಎಂದು ಬರೆದುಕೊಂಡರು.

ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ: ಕುಮ್ಕಿ ಎಂದರೆ ನಮ್ಮ ಪಟ್ಟಾ ಜಾಗಕ್ಕೆ ತಾಗಿಕೊಂಡಿರುವ ಸರಕಾರಿ ಜಾಗ. ಸೊಪ್ಪು, ಸೌದೆ ತರಬಹುದು, ಸ್ವಂತದ್ದು ಎನ್ನುವ ಹಾಗಿಲ್ಲ. ಎಲ್ಲರೂ ಅದರಲ್ಲಿ ಗೇರು ನೆಡುತ್ತಾರೆ, ಹಟ್ಟಿ ಕಟ್ಟುತ್ತಾರೆ. ಸರಕಾರದ ಕಡೆಯಿಂದ ಅಳೆಯಲು ಬಂದವರೆದುರು ನಮ್ಮ ಅಜ್ಜ ತಾವೇ ನೆಟ್ಟ ಗೇರು ಮರದ ನೆರಳಿನಲ್ಲಿ ನಿಂತು, ಇಲ್ಲಿ ಏನೂ ಇಲ್ಲ ಸ್ವಾಮಿ ಎಂದಿದ್ದರಂತೆ.

ಹಾಳೆಗೆ ಇಬ್ಬರೂ ಸಹಿ ಹಾಕಿದೆವು. ಸಾಕ್ಷಿ ಹಾಕಲು ಬಂದ ಅಮ್ಮ ಓದಿ ನೋಡಿ, ಕಂಪ್ಯೂಟರಿಗೆ ಹೊದಿಸುವ ಬಟ್ಟೆ ಒಗೆಯುವುದು ಯಾವ ಷೆಡ್ಯೂಲಿನಲ್ಲಿ ಬರುತ್ತದೆ ಎಂದು ಕೇಳಿದರು.

ಪಾಲು ಆಗುವಾಗ ಅಪ್ಪನ ಒಂದು ಅಕ್ಷರವೂ ಹೋಗಲಿಲ್ಲ. ಇದು ದಾಖಲೆಯಲ್ಲಿರಲಿ. ತಕರಾರು ಬಂದದ್ದು ಮಾಮೂಲು ದಾರಿಯಲ್ಲಿ. ಆ ಪರದೆ ಹತ್ತು ಸೆಕೆಂಡು ಕಾದು, ಯಾರೂ ಏನೂ ಒತ್ತದಿದ್ದರೆ ಲಿನಕ್ಸಿಗೆ ಹೋಗುತ್ತಿತ್ತು. ಅಪ್ಪ ಸ್ವಿಚ್ ಹಾಕಿ, ಕಾಲು ತೊಳೆದು, ಅಂಗಿ ಬಿಚ್ಚಿ ತೂಗುಹಾಕಿ ಬರುವ ಮನುಷ್ಯ. ಬಂದು ನೋಡಿದರೆ ನನ್ನ ಮನೆಯೊಳಗೆ ಕುಳಿತಿರುತ್ತಿದ್ದರು. ಹಿರಿಯರನ್ನು ಅಂಗಳದಲ್ಲಿ ಹತ್ತು ಸೆಕೆಂಡು ನಿಲ್ಲಿಸಿ ಪಕ್ಕದ ಮನೆಗೆ ಅಟ್ಟುವ ಕ್ರಮ ಯಾವ ಊರಿನದ್ದು ಎಂದು ಗೊಣಗಿದರು. ನಾನು ವಿಂಡೋಸನ್ನು ಮೊದಲು ಮಾಡಿಕೊಟ್ಟೆ.

ಪರೀಕ್ಷೆಗೆ ಒಂದು ವಾರ ಇರುವಾಗ ಬಿ ಷೆಡ್ಯೂಲು ತುಂಬಿತು. ಪಕ್ಕದಲ್ಲಿ ಕುಮ್ಕಿ ಇತ್ತು. ಸರಕಾರವೇ ಅಕ್ರಮವನ್ನು ಸಕ್ರಮ ಮಾಡಿಕೊಡುವಾಗ ನನಗೇನು ಎಂದುಕೊಂಡೆ. ಅದನ್ನು ಫಾರ್ಮ್ಯಾಟ್ ಮಾಡಿ ನನ್ನ ಪಾಲಿಗೆ ಸೇರಿಸಿಕೊಳ್ಳುವುದೆಂದು ತೀರ್ಮಾನಿಸಿದೆ. ಆದರೆ ಕ್ರಮಪ್ರಕಾರ ಆಗಲಿ ಎಂದು, ಕೈಯಲ್ಲಿ ಪಾಲುಪಟ್ಟಿಯ ಹಾಳೆ ಮತ್ತು ಪೆನ್ನು ಹಿಡಿದು ಜಗಲಿಗೆ ಹೋದೆ. ಅಪ್ಪ ಪೇಪರ್ ಓದುತ್ತಿದ್ದರು.

ನಮ್ಮ ಮನೆಯ ಮಾತು ತುಳು. ಕನ್ನಡ ಏನಿದ್ದರೂ ಕಾಗದಪತ್ರಕ್ಕೆ, ಕಚೇರಿಗೆ. ನಾನು ತಮಾಷೆಗೆ ಕನ್ನಡದಲ್ಲಿ ಕೇಳಿದೆ, ಅಳೆಯಲು ಬಂದವರ ಧಾಟಿಯಲ್ಲಿ.

“ಕುಮ್ಕಿಯಲ್ಲಿ ತಮ್ಮದೇನಾದರೂ ಉಂಟೋ?”

“ಏನೂ ಇಲ್ಲ. ಖಾಲಿ,” ಎಂದರು ಅಪ್ಪ, ತಲೆ ಎತ್ತದೆ, ಕನ್ನಡದಲ್ಲೇ.

“ಗಿಡ, ಮರ?”

“ಇಲ್ಲ ಅಂದೆನಲ್ಲ.”

ಒಳಗೆ ಹೋಗಿ ಅಳಿಸಿದೆ. ತೆರೆದು ನೋಡಬಹುದಿತ್ತು, ಒಪ್ಪುತ್ತೇನೆ. ಎದುರು ಪಕ್ಷ ಒಪ್ಪಿಕೊಂಡ ಮೇಲೆ ಸಾಕ್ಷ್ಯ ನೋಡುವ ಅಭ್ಯಾಸ ಚರ್ಚೆ ಮಾಡಿ ಬೆಳೆದವರಿಗೆ ಇರುವುದಿಲ್ಲ.

ಮರುದಿನ ಸಂಜೆ ಅಪ್ಪ ಕಂಪ್ಯೂಟರಿನ ಮುಂದೆ ಕುಳಿತು ಒಂದೊಂದೇ ಫೋಲ್ಡರನ್ನು ತೆರೆದು ಮುಚ್ಚುತ್ತಿದ್ದರು. ಆಮೇಲೆ ನನ್ನನ್ನು ಕರೆದು, ‘ಮಾದರಿ’ ಎಲ್ಲಿ ಮಗಾ ಎಂದು ಕೇಳಿದರು. ಕೇಳಿದ್ದು ತುಳುವಿನಲ್ಲಿ. ವಿಂಡೋಸ್ ಕೆಟ್ಟು ಮತ್ತೆ ಹಾಕಬೇಕಾದರೆ ಅದರ ಜೊತೆ ಇರುವುದೆಲ್ಲ ಹೋಗುತ್ತದೆ, ಮುಖ್ಯವಾದದ್ದನ್ನು ಬೇರೆ ಕಡೆ ಇಡಿ ಎಂದು ರಿಪೇರಿಯವನು ಹೇಳಿದ್ದನಂತೆ. ಇದ್ದಲ್ಲಿಂದ ತೆಗೆದು ಇಟ್ಟಿದ್ದರು. ಕುಮ್ಕಿಯಲ್ಲಿ. ಪಾಲು ಆದ ಎರಡನೇ ದಿನವೇ.

ಬೈಯಲಿಲ್ಲ. ಬೈದಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು. ಹಳೆಯ ಫ್ಲಾಪಿಗಳನ್ನು ತೆಗೆದು ನೋಡಿದರು. ಹೆಚ್ಚಿನವಕ್ಕೆ ಬೂಸಲು ಹಿಡಿದಿತ್ತು, ಎರಡು ತೆರೆದವು. ಉಳಿದದ್ದಕ್ಕೆ ಹಿಂದೆ ಬರೆಸಿಕೊಂಡು ಹೋದವರನ್ನೇ ಹುಡುಕಿಕೊಂಡು ಹೋಗಿ, ಅವರ ಪತ್ರದ ಜೆರಾಕ್ಸ್ ತರತೊಡಗಿದರು. ವಾಮದಪದವಿಗೆ ಹೋದರು, ಧರ್ಮಸ್ಥಳದ ಕಡೆಗೆ ಹೋದರು. ನೆರಿಯದ ಒಬ್ಬರು ಕಾಗದ ಕೊಡದೆ ಅಪ್ಪನ ಜೊತೆಗೇ ಮನೆಗೆ ಬಂದುಬಿಟ್ಟರು. ಕಂಪ್ಯೂಟರನ್ನು ನೋಡಿದರು, ನನ್ನನ್ನು ನೋಡಿದರು, ಅಪ್ಪನನ್ನು ಕೇಳಿದರು:

“ಅಲ್ಲ ಮಾರಾಯ್ರೆ, ಇದರಲ್ಲಿ ಅಳಿಸಿ ಹೋದರೆ ನಮ್ಮ ಜಾಗ ಈಗ ಯಾರದ್ದು?”

ಜಾಗ ನಿಮ್ಮದೇ, ಮಾತು ಮಾತ್ರ ನನ್ನದು ಹೋದದ್ದು ಎಂದು ಅಪ್ಪ ಅವರಿಗೆ ಸಮಾಧಾನ ಹೇಳಿದರು.

ಪರೀಕ್ಷೆ ಪಾಸಾಯಿತು. ಅಂಕ ಹೇಳುವುದಿಲ್ಲ, ಅಷ್ಟಕ್ಕೆ ಒಂದು ಫೋಲ್ಡರ್ ಕೊಟ್ಟದ್ದು ಜಾಸ್ತಿ. ಆಮೇಲೆ ಭಾನುವಾರದ ಬೆಳಗ್ಗೆಗಳಲ್ಲಿ ಅಪ್ಪ ಓದಿ ಹೇಳುವುದು, ನಾನು ಟೈಪ್ ಮಾಡುವುದು. ಬಹುಪಾಲು ಸೇರಿಸಿದೆವು. ಒಂದು ಮಾತ್ರ ಸಿಗಲಿಲ್ಲ: ಮಕ್ಕಳಿಗೆಲ್ಲ ಪಾಲು ಕೊಟ್ಟ ಮೇಲೂ ತಾಯಿಗೆ ಬದುಕಿರುವವರೆಗೆ ಒಲೆಯ ಬದಿಯ ಕೋಣೆ ಇರಬೇಕು, ಆದರೆ ಅದು ಭಿಕ್ಷೆಯಂತೆ ಕಾಣಬಾರದು, ಹಾಗೆ ಬರೆದ ಒಂದು ವಾಕ್ಯ. ಬರೆಸಿದವರ ಮನೆಯಲ್ಲಿ ಪತ್ರ ಗೆದ್ದಲು ತಿಂದಿತ್ತಂತೆ. ಅಪ್ಪ ಅದನ್ನು ನೆನಪಿನಿಂದ ನಾಲ್ಕಾರು ರೀತಿ ಹೇಳಿದರು, ಟೈಪ್ ಮಾಡಿಸಿದರು, ಇದಲ್ಲ ಎಂದರು. ಅದರ ಬದಲಿಗೆ ಬಂದ ವಾಕ್ಯ ಸರಿಯಾಗಿಯೇ ಉಂಟು. ಆದರೂ ಅದು ಬಂದಲ್ಲೆಲ್ಲ ಅವರು ಸ್ವಲ್ಪ ನಿಲ್ಲುತ್ತಾರೆ.

ನಾಲ್ಕು ವರ್ಷ ಕಳೆದು ಹೊಸ ಕಂಪ್ಯೂಟರ್ ಬಂತು, ಎರಡು ಜಿಬಿ ಮೆಮೊರಿಯದು. ಅಪ್ಪನ ಹಳೆಯ ಕನ್ನಡ ಸಾಫ್ಟ್‌ವೇರ್ ಅದರ ಹೊಸ ವಿಂಡೋಸಿನಲ್ಲಿ ನಡೆಯಲೊಲ್ಲದು. ನಾನು ಇಡೀ ಯಂತ್ರಕ್ಕೆ ಲಿನಕ್ಸ್ ಹಾಕಿ, ಅದರ ಒಳಗೆ ವರ್ಚುವಲ್ ಮೆಷಿನ್ ಮಾಡಿ, ಅಪ್ಪನ ಹಳೆಯ ವಿಂಡೋಸನ್ನು ಅಲ್ಲಿ ಕೂರಿಸಿದೆ. ಪಾಲು ಇಲ್ಲ, ಷೆಡ್ಯೂಲು ಇಲ್ಲ, ಕುಮ್ಕಿ ಇಲ್ಲ. ಅಪ್ಪ ಕನ್ನಡಕ ಏರಿಸಿ, ಪರದೆಯ ನಡುವಿನ ಕಿಟಕಿಯಲ್ಲಿ ತಮ್ಮ ಹಳೆಯ ಮನೆಯನ್ನು ನೋಡಿದರು.

“ಅಂತೂ ನಾನೇ ಒಕ್ಕಲಾದೆ. ಡಿಕ್ಲರೇಶನ್ ಯಾವಾಗ ಕೊಡಬಹುದು?”

ಇಬ್ಬರೂ ನಕ್ಕೆವು. ಅವರು ‘ಮಾದರಿ’ಯನ್ನು ತೆರೆದು ಆ ಒಲೆಯ ಬದಿಯ ಕೋಣೆಯ ವಾಕ್ಯಕ್ಕೆ ಹೋದರು, ಎಂದಿನಂತೆ ಅಲ್ಲಿ ನಿಂತರು. ಇಷ್ಟು ವರ್ಷ ಕೇಳದೆ ಇಟ್ಟದ್ದನ್ನು ನಾನು ಆಗ ಕೇಳಿದೆ, ಈ ಸಲ ತುಳುವಿನಲ್ಲಿ: ಅಪ್ಪ, ಅವತ್ತು ಜಗಲಿಯಲ್ಲಿ ಏನೂ ಇಲ್ಲ ಎಂದಿರಲ್ಲ, ಆ ಉತ್ತರ ಕೊಟ್ಟದ್ದು ನನಗೋ, ಅಜ್ಜನ ಗೇರು ಮರದಡಿಗೆ ಅಳೆಯಲು ಬಂದವರಿಗೋ?